ಗುಳುಮುಳುಕದ ಮರಿ ಹತ್ತಬಲ್ಲ ತೆಪ್ಪ: ಬಡಾವಣೆ ಕೆರೆಗೊಂದು ತೇಲುವ ನಡುಗಡ್ಡೆ

ಬೆಂಗಳೂರಿನ ಹೊರವಲಯದಲ್ಲಿ ಬಡಾವಣೆಗಳ ನಡುವೆ ಉಳಿದುಕೊಂಡ ಎಷ್ಟೋ ಕೆರೆಗಳಲ್ಲಿ ಈಗ ನೀರಿದೆ, ದಡವಿಲ್ಲ. ಹೂಳೆತ್ತುವಾಗ ಬಟ್ಟಲಿನ ಹಾಗೆ ತೋಡಿ, ಸುತ್ತ ಕಲ್ಲು ಕಟ್ಟಿ, ಮೇಲೆ ನಡೆಯುವ ಹಾದಿ ಮಾಡಿದ ಮೇಲೆ ಮೊಣಕಾಲುದ್ದ ನೀರು, ಅದರಲ್ಲಿ ನಿಂತ ಆಪು, ಜೇಕಿನಂಥ ನೀರುಹುಲ್ಲು ಎಲ್ಲ ಹೋದವು. ಬೆಳ್ಳಕ್ಕಿ, ನೀರುಕಾಗೆಗಳಿಗೆ ಇದರಿಂದ ಅಷ್ಟು ತೊಂದರೆಯಿಲ್ಲ. ಅವು ಗೂಡು ಕಟ್ಟುವುದು ಮರದ ಮೇಲೆ. ಪೆಟ್ಟು ಬಿದ್ದದ್ದು ಗುಳುಮುಳುಕ, ನಾಮದ ಕೋಳಿ, ನೇರಳೆ ಜಂಬುಕೋಳಿ, ಹುಂಡುಕೋಳಿಗಳಂಥ ನೀರುಹಕ್ಕಿಗಳಿಗೆ. ಇವುಗಳ ಗೂಡು ನೀರಂಚಿನ ಹುಲ್ಲಿನಲ್ಲಿ. ಗುಳುಮುಳುಕವಂತೂ ಕೊಳೆತ ನೀರುಗಿಡಗಳನ್ನೇ ಒಟ್ಟಿ ತೇಲುವ ಗೂಡು ಮಾಡಿ, ಯಾವುದಾದರೂ ನಿಂತ ಗಿಡಕ್ಕೆ ಸಿಕ್ಕಿಸಿಕೊಳ್ಳುತ್ತದೆ. ಸಿಕ್ಕಿಸಲು ಗಿಡವೇ ಇಲ್ಲದಿದ್ದರೆ ಗೂಡು ಗಾಳಿ ಹೋದ ಕಡೆ ಹೋಗುತ್ತದೆ. ಅಂಥ ಕೆರೆಗೆ ಗಿಡ ನೆಟ್ಟ ತೇಲುವ ತೆಪ್ಪವೊಂದು ದಾರಿ.

ಜಕ್ಕೂರು ಕೆರೆಯಂತೆ ನೀರು ಒಳಬರುವ ಬಾಯಲ್ಲೇ ಜೌಗು ಉಳಿಸಿಕೊಂಡಿರುವ ಕಡೆ ತೆಪ್ಪದ ಅಗತ್ಯವಿಲ್ಲ. ಅಲ್ಲಿ ಜೌಗನ್ನು ಕಾಯ್ದುಕೊಂಡರೆ ಸಾಕು. ಬೆಂಗಳೂರಿನ ಬಳಿಯ ಹೆಬ್ಬಗೋಡಿ ಕೆರೆಯಲ್ಲಿ, ಹೈದರಾಬಾದಿನ ನೆಕ್ನಾಂಪುರ ಕೆರೆಯಲ್ಲಿ (2018) ತೇಲುವ ಹಾಸುಗಳನ್ನು ಬಿಟ್ಟದ್ದು ಮುಖ್ಯವಾಗಿ ನೀರು ಶುದ್ಧವಾಗಲೆಂದು. ಇಲ್ಲಿ ವಿವರಿಸುವುದು ಸಣ್ಣದು, ಹಕ್ಕಿ ಗೂಡು ಕಟ್ಟಲೆಂದೇ ಮಾಡುವುದು: 2.4 ಮೀಟರ್ ಉದ್ದ, 1.8 ಮೀಟರ್ ಅಗಲ. ಗಿಡ ಚೆನ್ನಾಗಿ ಬೆಳೆದು ಮರಿ ಹತ್ತಲಾಗದ ತೆಪ್ಪ ಹಕ್ಕಿಗೆ ಉಪಯೋಗವಿಲ್ಲ. ಆದ್ದರಿಂದ ಪ್ರತಿ ಅಳತೆಯೂ ಒಂದೇ ಪ್ರಶ್ನೆಯಿಂದ ಹೊರಟಿದೆ: ಒಂದು ದಿನದ ಮರಿ ನೀರಿನಿಂದ ತಾನಾಗಿ ಮೇಲೆ ಬರಬಲ್ಲದೇ?

ಮೊದಲ ಚೌಕಟ್ಟು ಬಿಚ್ಚಿದಾಗ ಕಂಡದ್ದು

ಮೊದಲ ಸಲ ಎಲ್ಲರೂ ಮಾಡುವ ಹಾಗೆಯೇ ಮಾಡಿದ್ದು: 110 ಮಿ.ಮೀ. ಪಿವಿಸಿ ಪೈಪಿಗೆ ನಾಲ್ಕು ಮೂಲೆಯಲ್ಲಿ ಎಲ್ಬೋ, ನಡುವೆ ಟೀ ಹಾಕಿ ಎರಡು ಅಡ್ಡಪೈಪ್. ಒಟ್ಟು 12 ಮೀಟರ್ ಪೈಪ್. ಏಳು ತಿಂಗಳಿಗೆ ಒಂದು ಮೂಲೆ ಮುಳುಗಿತು, ವಾರದೊಳಗೆ ಪೂರ್ತಿ ಕೂತಿತು. ದಡಕ್ಕೆಳೆದು ಬಿಚ್ಚಿದಾಗ ನಾಲ್ಕು ತಪ್ಪು ಕಂಡವು.

ಒಂದು, ಎಲ್ಬೋ-ಟೀ ಹಾಕಿದ ಚೌಕಟ್ಟಿನಲ್ಲಿ ಒಳಗಿನ ಗಾಳಿಯೆಲ್ಲ ಒಂದೇ. ಒಂದು ಕೂಡಿಕೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ನೀರು ಇಡೀ ಸುತ್ತಿಗೆ ನುಗ್ಗುತ್ತದೆ. ಅಲೆಯಲ್ಲಿ ಚೌಕಟ್ಟು ತಿರುಚಿಕೊಳ್ಳುವಾಗ ಬಲವೆಲ್ಲ ಬೀಳುವುದು ಮೂಲೆಯ ಕೂಡಿಕೆಗೇ. ಬಿರುಕು ಬಿಟ್ಟದ್ದೂ ಅಲ್ಲೇ.

ಎರಡು, ತೇಲುಬಲದ ಲೆಕ್ಕ ಬಿಗಿಯಾಗಿತ್ತು. 110 ಮಿ.ಮೀ. ಪೈಪ್ ಒಂದು ಮೀಟರಿಗೆ ಸುಮಾರು 9.5 ಲೀಟರ್ ನೀರು ಸರಿಸುತ್ತದೆ. 4 ಕೆ.ಜಿ. ಒತ್ತಡದ ದರ್ಜೆಯ ಪೈಪಿನ ಸ್ವಂತ ತೂಕ ಮೀಟರಿಗೆ ಹೆಚ್ಚುಕಡಿಮೆ 1.2 ಕೆ.ಜಿ. ಕಳೆದರೆ ಉಳಿಯುವುದು 8.3 ಕೆ.ಜಿ. ಹನ್ನೆರಡು ಮೀಟರಿಗೆ, ಎಲ್ಬೋ-ಟೀಗಳ ತೂಕವನ್ನೂ ಬಿಟ್ಟರೆ, 95 ಕೆ.ಜಿ. ಆಸುಪಾಸು. ಗಿಡ ನೆಟ್ಟ ದಿನ ಹೊರೆ 50 ಕೆ.ಜಿ. ಇದ್ದದ್ದು ಬೇರು, ಕಾಂಡ, ನಾರಿನಲ್ಲಿ ಕೂತ ಹೂಳು ಎಲ್ಲ ಸೇರಿ ವರ್ಷದೊಳಗೆ 80-90 ಕೆ.ಜಿ.ಗೆ ಹೋಗುತ್ತದೆ. ನಾಲ್ಕು ನೀರುಕಾಗೆ ಬಂದು ಕೂತರೆ ಅದೂ ಸೇರಿತು.

ಮೂರು, ಸುತ್ತಲೂ ನೀರಿನಿಂದ ನಾಲ್ಕೈದು ಸೆಂ.ಮೀ. ಎದ್ದ ನುಣುಪಾದ ಪೈಪಿನ ಗೋಡೆ. ದೊಡ್ಡ ಹಕ್ಕಿ ಹಾರಿ ಕೂರುತ್ತದೆ, ಮರಿಗೆ ಆಗುವುದಿಲ್ಲ. ಪಾಚಿ ಹತ್ತಿದ ಪೈಪಿನ ಮೇಲೆ ಮರಿಯ ಕಾಲು ನಿಲ್ಲುವುದೇ ಇಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಕೆಟ್ಟದ್ದು. ಹಾಸಿನ ಅಡಿಗೆ ಹಳೆಯ ಮೀನುಬಲೆ ಬಿಗಿದಿತ್ತು. ಅದರಲ್ಲಿ ನೀರುಹಾವೊಂದು ಸಿಕ್ಕಿ ಸತ್ತಿತ್ತು. ಮೆತ್ತನೆಯ ಬಲೆ ಯಾವ ಕಣ್ಣಿನದೇ ಇರಲಿ, ಕೆರೆಯಲ್ಲಿ ಬಿಡುವ ಯಾವುದಕ್ಕೂ ಹಾಕಬಾರದು. ಹಾವು, ಆಮೆ, ಮುಳುಗಿ ಮೀನು ಹಿಡಿಯುವ ಹಕ್ಕಿ ಯಾವುದೂ ಅದರಿಂದ ಬಿಡಿಸಿಕೊಳ್ಳಲಾರದು.

ಎರಡನೆಯ ಚೌಕಟ್ಟಿನ ಸಾಮಾನು

110 ಮಿ.ಮೀ. ಪಿವಿಸಿ ಪೈಪ್, 6 ಮೀಟರಿನದು 3. ಎಂಡ್ ಕ್ಯಾಪ್ 18. ಸಾಲ್ವೆಂಟ್ ಸಿಮೆಂಟ್ ಅರ್ಧ ಲೀಟರ್. 4 ಮಿ.ಮೀ. ಹೆಣೆದ ನೈಲಾನ್ ಹಗ್ಗ 40 ಮೀಟರ್. ಹಳೆಯ ಸೈಕಲ್ ಟ್ಯೂಬ್ ನಾಲ್ಕೈದು. 2.4 ಮೀಟರ್ ಉದ್ದದ ಬಿದಿರಿನ ದಬ್ಬೆ 20. ಗಟ್ಟಿ ಪ್ಲಾಸ್ಟಿಕ್ ಜಾಲರಿ, 10 ಮಿ.ಮೀ. ಕಣ್ಣಿನದು, 1.2 ಮೀಟರ್ ಅಗಲದ ಸುರುಳಿಯಲ್ಲಿ 5 ಮೀಟರ್. 5 ಸೆಂ.ಮೀ. ದಪ್ಪದ ತೆಂಗಿನ ನಾರಿನ ಹಾಸು, 35 ಸೆಂ.ಮೀ. ಅಗಲ 2.4 ಮೀಟರ್ ಉದ್ದದ ಐದು ಪಟ್ಟಿ. ನಾರಿನ ಹುರಿ ಒಂದು ಉಂಡೆ. ಲಂಗರಿಗೆ ಬೇಕಾದದ್ದು ಮುಂದೆ ಬರುತ್ತದೆ.

ಥರ್ಮೋಕೋಲ್ ಬೇಡ. ಸುಲಭವಾಗಿ ತೇಲುತ್ತದೆ ನಿಜ, ಆದರೆ ಬಿಸಿಲಿಗೆ ಪುಡಿಯಾಗಿ ಸಾಬೂದಾನಿಯಂಥ ಕಾಳು ಉದುರಿಸುತ್ತದೆ. ಮೀನು, ಬಾತುಗಳು ಅದನ್ನು ಆಹಾರವೆಂದು ನುಂಗುತ್ತವೆ. ಮಣ್ಣೂ ಬೇಡ. ಹತ್ತು ಬಾಣಲೆ ಒದ್ದೆ ಮಣ್ಣು ಹಾಕಿದರೆ ತೇಲುಬಲವೆಲ್ಲ ಅಲ್ಲಿಗೇ ಮುಗಿಯಿತು. ಗಿಡಕ್ಕೆ ಬೇಕಾದ ಸಾರ ಬಡಾವಣೆ ಕೆರೆಯ ನೀರಿನಲ್ಲಿ ಬೇಕಾದಷ್ಟಿದೆ.

ಕೊಯ್ಯುವುದು, ಮುಚ್ಚುವುದು

ಒಂದೊಂದು ಪೈಪನ್ನೂ 2.4, 1.8, 1.8 ಮೀಟರಾಗಿ ಕೊಯ್ದರೆ ಚೂರೂ ಉಳಿಯದೆ ಒಂಬತ್ತು ತುಂಡು ಬರುತ್ತವೆ. ಉದ್ದದವು ಮೂರು, ಅಡ್ಡದವು ಆರು. ಕೃಷಿ ಪೈಪುಗಳ ಒಂದು ತುದಿ ಸಾಮಾನ್ಯವಾಗಿ ಅಗಲಿಸಿರುತ್ತದೆ, ಅದಕ್ಕೆ ಕ್ಯಾಪ್ ಕೂರುವುದಿಲ್ಲ. ಎರಡೂ ತುದಿ ಸಮವಿರುವುದನ್ನು ಕೇಳಿ ತನ್ನಿ. ಸಿಗದಿದ್ದರೆ ಅಗಲಿಸಿದ ತುದಿ ಕೊಯ್ದುಹಾಕಿ ಅಡ್ಡತುಂಡುಗಳನ್ನೆಲ್ಲ 1.7 ಮೀಟರಿಗೆ ಇಳಿಸಿ.

ಪ್ರತಿ ತುಂಡಿನ ಎರಡು ತುದಿಯನ್ನೂ ಮುಚ್ಚುವುದರಿಂದ ಒಂಬತ್ತು ಬೇರೆ ಬೇರೆ ಗಾಳಿಕೋಣೆಗಳಾಗುತ್ತವೆ. ಒಂದು ಸೋರಿದರೆ ಎಂಟು ಹಿಡಿದು ನಿಲ್ಲಿಸುತ್ತವೆ. ಕೊಯ್ದ ಅಂಚಿನ ಸಿಬರನ್ನು ಅರದಿಂದ ತೆಗೆದು, 80ನೇ ನಂಬರಿನ ಉಪ್ಪುಕಾಗದದಿಂದ ಹೊಳಪು ಹೋಗುವಷ್ಟು ಉಜ್ಜಿ, ಒಣಬಟ್ಟೆಯಿಂದ ಒರೆಸಿ, ಪೈಪಿಗೂ ಕ್ಯಾಪಿಗೂ ಸಿಮೆಂಟ್ ಹಚ್ಚಿ ಕಾಲು ಸುತ್ತು ತಿರುಗಿಸುತ್ತಾ ಒತ್ತಿ, ಅರ್ಧ ನಿಮಿಷ ಬಿಡದೆ ಹಿಡಿಯಬೇಕು.

ಎರಡನೆಯ ಕ್ಯಾಪ್ ಹಾಕುವಾಗ ಒಂದು ಎಡವಟ್ಟಿದೆ. ಒಳಗಿನ ಗಾಳಿಗೆ ಹೋಗಲು ದಾರಿಯಿಲ್ಲದೆ ಅದು ಒತ್ತಿಕೊಂಡು, ಕೈ ಬಿಟ್ಟ ಕೂಡಲೇ ಕ್ಯಾಪನ್ನು ಎರಡು ಮಿ.ಮೀ. ಹಿಂದಕ್ಕೆ ತಳ್ಳುತ್ತದೆ. ಹೊರಗಿನಿಂದ ನೋಡಿದರೆ ಅಂಟಿದಂತೆಯೇ ಕಾಣುತ್ತದೆ, ಸೋರುವುದು ಅಲ್ಲೇ. ಎರಡನೆಯ ಕ್ಯಾಪಿನ ನಡುವೆ ಮೊದಲೇ 3 ಮಿ.ಮೀ. ತೂತು ಕೊರೆದುಕೊಳ್ಳಿ. ಕ್ಯಾಪ್ ಕೂರಿಸಿ 24 ಗಂಟೆ ಒಣಗಿದ ಮೇಲೆ ಬೆಳಗಿನ ತಂಪಿನಲ್ಲಿ ಸಿಮೆಂಟ್ ಹಚ್ಚಿದ ಸ್ಟೀಲ್ ಸ್ಕ್ರೂ ಬಿಗಿದು ತೂತು ಮುಚ್ಚಿ. ಮುಚ್ಚಿದ ತುಂಡನ್ನು ಕಾಲು ಗಂಟೆ ನೀರಿನಲ್ಲಿ ಅದುಮಿ ಹಿಡಿದು ಗುಳ್ಳೆ ಬರುತ್ತದೆಯೇ ನೋಡಿ, ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಚಮಚೆಯಷ್ಟು ನೀರಿದ್ದರೂ ಸದ್ದು ಬರುತ್ತದೆ. ಅಡ್ಡತುಂಡುಗಳು ಬಿಸಿಲಲ್ಲಿ ಇರುವುದರಿಂದ ಅವಕ್ಕೆ ಎರಡು ಕೋಟ್ ಹೊರಗೋಡೆಯ ಬಣ್ಣ, ಮಣ್ಣಿನ ಬಣ್ಣದ್ದು. ಬರಿ ಪಿವಿಸಿ ಮೂರ್ನಾಲ್ಕು ಬೇಸಿಗೆಯಲ್ಲಿ ಸೆಟೆದು ಒಡೆಯುತ್ತದೆ.

ಎರಡು ಅಂತಸ್ತು

ಉದ್ದದ ಮೂರು ಪೈಪ್ ಕೆಳಗೆ: ಎರಡು ಅಂಚಿಗೆ, ಒಂದು ನಡುವೆ. ಅಡ್ಡದ ಆರು ಅವುಗಳ ಮೇಲೆ, ಸಮ ಅಂತರದಲ್ಲಿ. ಅಡ್ಡಪೈಪುಗಳ ನಡುವೆ ಸುಮಾರು 35 ಸೆಂ.ಮೀ. ಅಗಲದ ಐದು ಅಂಕಣ ಉಳಿಯುತ್ತವೆ. ಹದಿನೆಂಟು ಕಡೆ ಪೈಪಿನ ಮೇಲೆ ಪೈಪ್ ದಾಟುತ್ತದೆ. ಪ್ರತಿ ದಾಟಿಗೂ ಎರಡರ ನಡುವೆ ಅಂಗೈಯಗಲ ಸೈಕಲ್ ಟ್ಯೂಬ್ ಇಟ್ಟು, ಎರಡು ಮೀಟರ್ ಹಗ್ಗದಿಂದ ಮೂರು ಸುತ್ತು ಕಟ್ಟಿ, ಕೊನೆಗೆ ಎರಡು ಪೈಪಿನ ನಡುವೆ ಎರಡು ಬಿಗಿಸುತ್ತು. ಟ್ಯೂಬ್ ಇಲ್ಲದಿದ್ದರೆ ನುಣುಪು ಪೈಪಿನ ಮೇಲೆ ಎಷ್ಟು ಬಿಗಿದರೂ ಕಟ್ಟು ಜಾರುತ್ತದೆ. ನೈಲಾನ್ ನೆನೆದರೆ ಹಿಗ್ಗುತ್ತದೆ. ಆದ್ದರಿಂದ ಹಗ್ಗವನ್ನು ರಾತ್ರಿಯಿಡೀ ಬಕೆಟ್ಟಿನಲ್ಲಿ ನೆನೆಸಿಟ್ಟು ಒದ್ದೆಯಲ್ಲೇ ಕಟ್ಟಿ. ಒಣಹಗ್ಗದಲ್ಲಿ ಕಟ್ಟಿದ್ದು ಕೆರೆಗಿಳಿದ ಎರಡನೇ ದಿನವೇ ಸಡಿಲಾಗುತ್ತದೆ. ಪ್ಲಾಸ್ಟಿಕ್ ಜಿಪ್ ಟೈ ಒಂದು ಬೇಸಿಗೆಗೆ ಪುಟಪುಟನೆ ತುಂಡಾಗುತ್ತದೆ. ಕಟ್ಟುತಂತಿ ತುಕ್ಕು ಹಿಡಿಯುತ್ತದೆ, ತುದಿ ಹಕ್ಕಿಯ ಕಾಲು ಸೀಳುತ್ತದೆ.

ಈ ಎರಡಂತಸ್ತಿನ ಲಾಭ ಲೆಕ್ಕದಲ್ಲಿ ಕಾಣುತ್ತದೆ. 18 ಮೀಟರ್ ಪೈಪ್ ಒಟ್ಟು 171 ಲೀಟರ್ ಸರಿಸುತ್ತದೆ. ಪೈಪು, ಕ್ಯಾಪುಗಳ ತೂಕ ಸುಮಾರು 26 ಕೆ.ಜಿ. ಹೊರಲು ಸಿಗುವುದು 145 ಕೆ.ಜಿ. ಕೆಳಗಿನ ಮೂರು ಪೈಪ್ ಪೂರ್ತಿ ಮುಳುಗಿದರೆ ತಮ್ಮ ಪಾಲಿಗೆ 42 ಕೆ.ಜಿ. ಹೊರುತ್ತವೆ. ಮೊದಲ ದಿನದ 50 ಕೆ.ಜಿ.ಯಲ್ಲಿ ಉಳಿದ ಎಂಟು ಮೇಲಿನ ಪೈಪುಗಳ ಮೇಲೆ ಬೀಳುತ್ತದೆ, ಅವು ಎರಡು ಸೆಂ.ಮೀ.ನಷ್ಟೂ ಮುಳುಗುವುದಿಲ್ಲ. ಹೊರೆ 90 ಆದಾಗ ಮೇಲಿನ ಪೈಪ್ ಅರ್ಧ ಮುಳುಗಿರುತ್ತದೆ. ಅಂದರೆ ದಡದಲ್ಲಿ ನಿಂತು ದುರ್ಬೀನಿನಲ್ಲಿ ಮೇಲಿನ ಪೈಪ್ ನೋಡಿದರೆ ತೂಕ ಗೊತ್ತಾಗುತ್ತದೆ. ಅರ್ಧ ದಾಟಿದರೆ ಗಿಡ ಕೊಯ್ಯುವ ಹೊತ್ತು. ಒಂದು ಪಕ್ಕ ಮಾತ್ರ ತಗ್ಗಿದ್ದರೆ ಯಾವುದೋ ಪೈಪ್ ಸೋರುತ್ತಿದೆ. ಆ ಒಂದರ ಕಟ್ಟು ಬಿಚ್ಚಿ ಬೇರೆ ಕೂರಿಸಿದರೆ ಆಯಿತು.

ಇನ್ನೂ ದೊಡ್ಡ ಲಾಭ ಮರಿಗಳಿಗೆ. ಅಡ್ಡಪೈಪುಗಳು ಅಂಕಣಗಳ ಪಕ್ಕಕ್ಕಿವೆ, ತುದಿಗಿಲ್ಲ. ತೆಪ್ಪದ ಎರಡು ಉದ್ದಬದಿಗಳಲ್ಲಿ ಐದೈದು ಬಾಗಿಲು ತೆರೆದೇ ಇರುತ್ತವೆ. ಬಾಗಿಲಿನ ಅಡಿಯ ಪೈಪ್ ನೀರೊಳಗಿದೆ.

ಹಾಸು

ಒಂದೊಂದು ಅಂಕಣದಲ್ಲಿ ನಾಲ್ಕು ದಬ್ಬೆ, ಕೆಳಗಿನ ಮೂರು ಪೈಪುಗಳ ಮೇಲೆ ಕೂರುವಂತೆ. ದಬ್ಬೆ 2.4 ಮೀಟರ್, ತೆಪ್ಪದ ಅಗಲ 1.8. ಎರಡೂ ಕಡೆ 30 ಸೆಂ.ಮೀ. ಹೊರಚಾಚುತ್ತದೆ, ಅದೇ ಇಳಿಜಾರು. ಚಾಚಿದ ಭಾಗವನ್ನು ಅರ್ಧ ದಪ್ಪಕ್ಕೆ ಕೆತ್ತಿ ತೆಳುಮಾಡಿ, ಪ್ರತಿ ಅಂಕಣದ ತುದಿಗೂ ಒಂದು ಕೆ.ಜಿ. ತೂಕದ ಕಲ್ಲು ಕಟ್ಟಿದರೆ ಬಾಗಿ ನೀರಿನೊಳಗೆ 8-10 ಸೆಂ.ಮೀ. ಇಳಿಯುತ್ತದೆ. ದಬ್ಬೆಯ ಮೇಲೆ ಜಾಲರಿ, ಅದರ ಮೇಲೆ ನಾರಿನ ಹಾಸು, ಎರಡನ್ನೂ ಇಳಿಜಾರಿನ ತುದಿಯವರೆಗೆ ಎಳೆದು ನಾರಿನ ಹುರಿಯಿಂದ ಗೇಣಿಗೊಂದು ಹೊಲಿಗೆ. ನಾರಿನ ಮೇಲೆ ಮರಿಯ ಉಗುರು ಹಿಡಿಯುತ್ತದೆ. ಜಾಲರಿಯ ಕೊಯ್ದ ಅಂಚು ಹೊರಗೆ ಚುಚ್ಚಿಕೊಂಡಿರದಂತೆ ಒಳಕ್ಕೆ ಮಡಿಸಿ.

ಹಾಸಿನ ತಳ ಮೊದಲ ದಿನ ನೀರಿನಿಂದ ಸ್ವಲ್ಪ ಕೆಳಗೆ, ಮೇಲ್ಮೈ ನಾಲ್ಕು ಸೆಂ.ಮೀ. ಆಸುಪಾಸು ಮೇಲೆ ಇರುತ್ತದೆ. ಹೊಸ ಬೇರಿಗೆ ನೀರು ಸಿಗುತ್ತದೆ, ಕಾಂಡ ಕೊಳೆಯುವುದಿಲ್ಲ. ಹಾಸನ್ನು ಅಡ್ಡಪೈಪಿನ ಮೇಲೆ ಹೊದಿಸಿದರೆ ಅದು ನೀರಿನಿಂದ ಒಂಬತ್ತು ಸೆಂ.ಮೀ. ಮೇಲಿರುತ್ತದೆ. ಮಾರ್ಚ್ ಬಿಸಿಲಿಗೆ ನಾಲ್ಕು ದಿನದಲ್ಲಿ ಗಿಡ ಸುಡುತ್ತದೆ.

ಗಿಡ

ಕೂರಿಸಲು ಒಳ್ಳೆಯ ಕಾಲ ಫೆಬ್ರವರಿ ಕೊನೆಯಿಂದ ಏಪ್ರಿಲ್ ಮೊದಲ ವಾರ. ಎಂಟು-ಹತ್ತು ವಾರಕ್ಕೆ ಬೇರು ಹಿಡಿದು ಮುಂಗಾರಿಗೆ ಮರೆ ಸಿದ್ಧವಾಗುತ್ತದೆ. ನಡು ಅಂಕಣಕ್ಕೆ ಎಂಟು ಆಪಿನ ಗಡ್ಡೆ, ಅದರ ಎರಡು ಪಕ್ಕಕ್ಕೂ ಎಂಟೆಂಟು ಲಾವಂಚದ ಸಸಿ. ಆಪು ಹಬ್ಬುವ ಜಾತಿ, ತೂಕವೂ ಜಾಸ್ತಿ. ನಡುವಿನ ಅಂಕಣ ದಾಟಲು ಬಿಡಬೇಡಿ. ಎರಡು ಕೊನೆಯ ಅಂಕಣಗಳಲ್ಲಿ ಗಿಡ್ಡ ಜೇಕು, ಒಂದೆಲಗ, ಹೊನಗೊನೆ. ಇವು ಇಳಿಜಾರಿನ ಮೇಲೆ ಹರಡಿ ನೀರಿಗೆ ಇಳಿಬೀಳುತ್ತವೆ, ಮರಿಗೆ ಅದೇ ಮೆಟ್ಟಿಲು. ಒಂದು ಕೊನೆಯ ಅಂಕಣದಲ್ಲಿ ಅರ್ಧ ಖಾಲಿ ಬಿಟ್ಟು ಒಣ ಆಪಿನ ಎಲೆ ಸಡಿಲವಾಗಿ ಹರಡಿ.

ಹೊನಗೊನೆ ತರುವಾಗ ಎಚ್ಚರ. ಅದರ ಜಾತಿಯದೇ ಹೊರನಾಡಿನ ಅಲಿಗೇಟರ್ ಕಳೆ ಬೆಂಗಳೂರಿನ ಕೆರೆಗಳಲ್ಲಿ ಹಬ್ಬಿದೆ, ನೋಡಲು ಹೊನಗೊನೆಯಂತೆಯೇ. ನಮ್ಮ ಹೊನಗೊನೆಯ ಹೂಗೊಂಚಲು ಎಲೆಯ ಕಂಕುಳಿಗೆ ಅಂಟಿಕೊಂಡೇ ಇರುತ್ತದೆ. ಕಳೆಯದು ಉದ್ದ ತೊಟ್ಟಿನ ತುದಿಯಲ್ಲಿ ಬಿಳಿ ಚೆಂಡಿನಂತೆ ನಿಲ್ಲುತ್ತದೆ, ಕಾಂಡ ದಪ್ಪ, ಒಳಗೆ ಟೊಳ್ಳು. ಹೂವಿಲ್ಲದ ಗಿಡ ಕೆರೆಯಿಂದ ತರಲೇಬೇಡಿ, ಸೊಪ್ಪಿನ ಹೊಲದಿಂದ ತನ್ನಿ. ಆಪಿನ ಗಡ್ಡೆಯನ್ನು ಬೇರೆ ಕೆರೆಯಿಂದ ಕಿತ್ತು ತಂದರೆ ಎರಡು ಸಲ ತೊಳೆದು ಅಂತರಗಂಗೆ ಕಳೆಯ ಚೂರು ಸಿಕ್ಕಿಲ್ಲವೆಂದು ನೋಡಿ.

ಮೊದಲ ಎರಡು ತಿಂಗಳು ಗಿಡಕ್ಕೆ ಶತ್ರು ನೇರಳೆ ಜಂಬುಕೋಳಿಯೇ. ಆಪಿನ ಎಳೆ ಸುಳಿಯನ್ನು ಕೊಕ್ಕಿನಿಂದ ಕಿತ್ತು, ಕಾಲಲ್ಲಿ ಹಿಡಿದು ಬಿಳಿ ಬುಡ ತಿನ್ನುತ್ತದೆ. ಒಂದು ಬೆಳಿಗ್ಗೆಗೆ ಅಂಕಣವೇ ಖಾಲಿ. ಬಿದಿರಿನ ಸೀಳನ್ನು ಕಮಾನು ಮಾಡಿ ಉಳಿದ ಜಾಲರಿಯನ್ನು ಹೊದಿಸಿ, ಎಂಟು ವಾರಕ್ಕೆ ತೆಗೆದುಬಿಡಿ. ಆಮೇಲೆ ಅವು ತಿಂದಷ್ಟೂ ಒಳ್ಳೆಯದೇ, ಆಪು ಹದ್ದುಬಸ್ತಿನಲ್ಲಿರುತ್ತದೆ. ಹುಲ್ಲುಗೆಂಡೆ ಮೀನು ಬಿಟ್ಟಿರುವ ಕೆರೆಯಾದರೆ ಅದು ಕೆಳಗಿನಿಂದ ಬೇರು ಮೇಯುತ್ತದೆ. ಅಂಥಲ್ಲಿ ಲಾವಂಚದ ಪಾಲು ಹೆಚ್ಚಿಸಿ.

ಲಂಗರು

ಮೊದಲ ತೆಪ್ಪ ಮುಳುಗುವ ಮುನ್ನವೇ ಒಮ್ಮೆ ಕೋಡಿಯ ಹತ್ತಿರಕ್ಕೆ ಹೋಗಿ ನಿಂತಿತ್ತು. ಏಪ್ರಿಲ್-ಮೇ ತಿಂಗಳ ಸಂಜೆಯ ಬಿರುಗಾಳಿಗೆ ಒಂದು ಮೀಟರ್ ಎತ್ತರದ ಗಿಡ ಹಾಯಿಪಟದಂತೆ ಕೆಲಸ ಮಾಡುತ್ತದೆ. ಗಂಟೆಗೆ 50 ಕಿ.ಮೀ. ಗಾಳಿಯಲ್ಲಿ 20 ಕೆ.ಜಿ. ಆಸುಪಾಸಿನ ಎಳೆತ ಬೀಳುತ್ತದೆ. 10 ಲೀಟರಿನ ಪೇಂಟ್ ಬಕೆಟ್ಟಿಗೆ ಕಾಂಕ್ರೀಟ್ ತುಂಬಿದ ಒಂದು ಲಂಗರು ದಡದಲ್ಲಿ 24 ಕೆ.ಜಿ. ತೂಗುತ್ತದೆ, ನೀರಿನಲ್ಲಿ 14 ಮಾತ್ರ. ಕೆಸರಿನ ಮೇಲೆ ಅಡ್ಡಕ್ಕೆ ಎಳೆದರೆ ಅದು ಹಿಡಿಯುವುದು ಅದರ ಅರ್ಧದಷ್ಟು. ಜಾರಿದ್ದು ಅದಕ್ಕೇ.

ಹಾಗೆಂದು 20 ಲೀಟರಿನ ಬಕೆಟ್ ತುಂಬಿದರೆ 48 ಕೆ.ಜಿ. ಹರಿಗೋಲಿನ ಅಂಚಿನಿಂದ ಅದನ್ನು ಇಳಿಸುವುದು ಅಪಾಯ. ಎದುರುಬದುರು ಮೂಲೆಗೆ ಒಂದೊಂದು ಹಗ್ಗ, ಒಂದೊಂದು ಹಗ್ಗಕ್ಕೂ 10 ಲೀಟರಿನ ಎರಡು ಬಕೆಟ್, ನಡುವೆ ಒಂದು ಮೀಟರ್ ಅಂತರ. ಹೊರಗಿನ ಬಕೆಟ್ ಹೂಳಿನಲ್ಲಿ ಕಚ್ಚಿಕೊಂಡರೆ ಒಳಗಿನದು ಎಳೆತವನ್ನು ನೆಲಕ್ಕೆ ತಗ್ಗಿಸುತ್ತದೆ. ಒಂದು ಬಕೆಟ್ಟಿಗೆ ಸಿಮೆಂಟ್ 3.2 ಕೆ.ಜಿ., ಮರಳು 6.5, ಜಲ್ಲಿ 13, ನೀರು ಒಂದೂವರೆ ಲೀಟರ್. ನಡುವೆ 10 ಮಿ.ಮೀ. ಕಂಬಿಯ ಬಳೆ ಹೂತು, ಏಳು ದಿನ ನೀರುಣಿಸಿ.

ತುಂಬಿದಾಗ 2.5 ಮೀಟರ್ ಆಳವಿರುವ ಜಾಗಕ್ಕೆ 10 ಮಿ.ಮೀ. ಹಗ್ಗ ಆರಾರು ಮೀಟರ್. ಬೇಸಿಗೆಯಲ್ಲಿ ನೀರು ಒಂದು ಮೀಟರಿಗೆ ಇಳಿದಾಗ ಈ ಹಗ್ಗ ಸಡಿಲಾಗಿ ತೇಲಿ ಗಿಡಕ್ಕೆ ಸುತ್ತಿಕೊಳ್ಳುತ್ತದೆ, ತೆಪ್ಪ ದಡದ ಕಡೆ ಅಲೆಯುತ್ತದೆ. ಹಗ್ಗದ ನಡುಮಧ್ಯಕ್ಕೆ ಒದ್ದೆ ಮರಳು ತುಂಬಿದ ಒಂದು ಲೀಟರಿನ ಬಾಟಲಿ ಕಟ್ಟಿ. ಸಡಿಲಾದ ಹಗ್ಗವನ್ನು ಅದು ತಳಕ್ಕೆ ಎಳೆದಿಡುತ್ತದೆ. ಹಗ್ಗ ಬಳೆಯ ಮೇಲೆ ಉಜ್ಜುವ ಕಡೆ ತೋಟದ ಪೈಪಿನ ತುಂಡು ತೊಡಿಸಿ.

ಜಾಗ ದಡದಿಂದ ಕನಿಷ್ಠ 15 ಮೀಟರ್ ಒಳಗಿರಲಿ. ರಾಜಕಾಲುವೆ ಬಂದು ಬೀಳುವ ಬಾಯಿಗೆ, ಕೋಡಿಗೆ, ಮೀನಿನವರ ಬಲೆಯ ಸಾಲಿಗೆ ದೂರವಿರಲಿ. ಕೆರೆ ಯಾರ ಸುಪರ್ದಿಯಲ್ಲಿದೆಯೋ ಅವರ ಒಪ್ಪಿಗೆ ಬರಹದಲ್ಲಿರಲಿ. ಇಳಿಸುವಾಗ ಹರಿಗೋಲಿನಲ್ಲಿ ಇಬ್ಬರು, ಇಬ್ಬರಿಗೂ ಲೈಫ್ ಜಾಕೆಟ್.

ಬಿಟ್ಟ ಮೇಲೆ

ನೀರುಕಾಗೆ ಕೂರಲೆಂದು ತೆಪ್ಪದ ಮೇಲೆ ಕೋಲು ನೆಡುವುದನ್ನು ಕೆಲವು ಕಡೆ ನೋಡಬಹುದು. ಮಾಡಬೇಡಿ. ಅದೇ ಕೋಲಿನ ಮೇಲೆ ಕಾಗೆ, ಹದ್ದು ಬಂದು ಕೂತು ಮರಿ ಹೊರಬರುವುದನ್ನೇ ಕಾಯುತ್ತವೆ. ನೀರುಕಾಗೆಯ ಹಿಕ್ಕೆಗೆ ಗಿಡವೂ ಸುಡುತ್ತದೆ. ಅವುಗಳಿಗೆ ಮೂವತ್ತು ಮೀಟರ್ ಆಚೆ ಕೆರೆಯ ತಳಕ್ಕೇ ಒಂದು ಬಿದಿರು ಹೂಳಿ.

ಗೂಡಿನ ಮೊದಲ ಗುರುತು ಗೂಡಿನಂತೆ ಕಾಣುವುದಿಲ್ಲ. ಇಳಿಜಾರಿನ ಅಂಚಿನಲ್ಲಿ ಕಪ್ಪು, ಒದ್ದೆ, ಕೊಳೆತ ಸೊಪ್ಪಿನ ಗುಪ್ಪೆಯೊಂದು ಇರುತ್ತದೆ. ಗುಳುಮುಳುಕ ಎದ್ದು ಹೋಗುವಾಗ ಮೊಟ್ಟೆಗಳ ಮೇಲೆ ಸೊಪ್ಪು ಮುಚ್ಚಿ ಹೋಗುತ್ತದೆ. ಕಸವೆಂದು ಬಾಚಿದರೆ ಒಂದು ಸಂಸಾರ ಹೋದಂತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಕ್ಕಿಯ ಮೊಟ್ಟೆ, ಗೂಡು ಕೆಡಿಸುವುದೂ ಬೇಟೆಯ ವ್ಯಾಖ್ಯೆಯೊಳಗೇ ಬರುತ್ತದೆ. ಜೂನ್‌ನಿಂದ ಯಾವುದೇ ಕೆಲಸಕ್ಕೆ ಹರಿಗೋಲು ತಳ್ಳುವ ಮುನ್ನ ದಡದಿಂದ ಒಂದು ಗಂಟೆ ನೋಡಿ. ಹಕ್ಕಿ ಮತ್ತೆ ಮತ್ತೆ ಒಂದೇ ಬಾಗಿಲಿಗೆ ಸೊಪ್ಪು ಕಚ್ಚಿಕೊಂಡು ಬರುತ್ತಿದ್ದರೆ ಆರು ವಾರ ಆ ಕಡೆ ಹೋಗಬೇಡಿ. ಕಾವಿಗೆ ಮೂರು ವಾರದ ಮೇಲೆ ಬೇಕು. ಗುಳುಮುಳುಕದ ಮರಿಗಳು ತಾಯಿತಂದೆಯ ಬೆನ್ನೇರಿ ನೀರಿಗಿಳಿದರೂ ಮೈ ಒಣಗಿಸಿಕೊಳ್ಳಲು ಇಳಿಜಾರಿಗೇ ಮರಳುತ್ತವೆ.

ಹಕ್ಕಿಯ ಜೊತೆಗೆ ಬೇರೆಯವೂ ಬರುತ್ತವೆ. ನೀರುಹಾವು ಬೆಳಗಿನ ಬಿಸಿಲಿಗೆ ಅಡ್ಡಪೈಪಿನ ಮೇಲೆ ಮಲಗುತ್ತದೆ, ಅದನ್ನು ಓಡಿಸುವ ಕಾರಣವಿಲ್ಲ. ಏರೋಪ್ಲೇನ್ ಚಿಟ್ಟೆಯ ಮರಿಹುಳುಗಳು ನೀರಿನಿಂದ ಆಪಿನ ಕಾಂಡ ಹತ್ತಿ, ಬೆನ್ನು ಸೀಳಿ, ರೆಕ್ಕೆ ಬಿಚ್ಚಿ ಹಾರುತ್ತವೆ. ಕಾಂಡಕ್ಕೆ ಕಚ್ಚಿ ಉಳಿದ ಒಣ ಪೊರೆಗಳನ್ನು ಎಣಿಸಿದರೆ ತೆಪ್ಪಕ್ಕೆ ಜೀವ ಹಿಡಿದಿದೆಯೇ ಎಂಬುದು ಹಕ್ಕಿ ಬರುವ ಮುನ್ನವೇ ತಿಳಿಯುತ್ತದೆ. ಹೆಗ್ಗಣವೂ ಈಜಿ ಬರುತ್ತದೆ, ಮೊಟ್ಟೆ ತಿನ್ನುತ್ತದೆ. ದಡದ ಕಸದ ರಾಶಿ ತೆಗೆಸುವುದೊಂದೇ ಅದಕ್ಕೆ ಮದ್ದು.

ಗೂಡಿಲ್ಲದ ತಿಂಗಳುಗಳಲ್ಲಿ ತಿಂಗಳಿಗೊಮ್ಮೆ ಸುತ್ತಿಕೊಂಡ ಗಾಳದ ದಾರ, ಗಾಳಿಪಟದ ಮಾಂಜಾ ಬಿಡಿಸಿ ದಡಕ್ಕೆ ತನ್ನಿ. ಮಾರ್ಚಿನಲ್ಲಿ, ಬಿರುಗಾಳಿಗೆ ಮುನ್ನ, ಆಪನ್ನೂ ಲಾವಂಚವನ್ನೂ 60 ಸೆಂ.ಮೀ.ಗೆ ಕೊಯ್ಯಿರಿ. ಕೊಯ್ದದ್ದನ್ನು ಕೆರೆಗೆ ಹಾಕದೆ ಹೊರಗೆ ಸಾಗಿಸಿ, ಇಲ್ಲವಾದರೆ ಗಿಡ ಹೀರಿದ ಸಾರವೆಲ್ಲ ಕೊಳೆತು ವಾಪಸು ನೀರಿಗೇ. ಹದಿನೆಂಟು ಕಟ್ಟನ್ನೂ ಕೈಯಿಂದ ಒತ್ತಿ ನೋಡಿ. ದಬ್ಬೆಗಳು ಎರಡನೆಯ ಬೇಸಿಗೆಗೆ ಮೆತ್ತಗಾಗಿರುತ್ತವೆ. ಅಷ್ಟರಲ್ಲಿ ಬೇರು ಜಾಲರಿಯನ್ನು ಹೆಣೆದು ಹಿಡಿದಿರುವುದರಿಂದ ಅಂಕಣದ ಒಳಗಿನವನ್ನು ಬದಲಿಸುವುದು ಬೇಡ. ಇಳಿಜಾರಿನ ಚಾಚು ಮಾತ್ರ ಹೊಸದಾಗಿ ಕಟ್ಟಿ, ಕಲ್ಲು ಮತ್ತೆ ತೂಗುಹಾಕಿ, ತುದಿ ನೀರಿನೊಳಗೆ ಇಳಿದಿದೆಯೇ ನೋಡಿ ಬನ್ನಿ.